ಇಂಡಿಗೆ ಬಾರದ ಪಿಯಾನೊ ಸಾಹೇಬ

"ಯೆನ್ಸ್ ಮಾರ್ಕ್‌ಬೋ ಅವರು ಡೆನ್ಮಾರ್ಕ್ ದೇಶದ ದೊಡ್ಡ ಜಾಝ್ ಪಿಯಾನೊ ವಾದಕರು. ಅವರು... ಅವರು..."

ಸುನೀತಾ ಅಲ್ಲಿಗೇ ನಿಂತುಬಿಟ್ಟಳು. ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಗಿತ್ತು.

ಇಂಡಿ ಊರಿನ ಶಾಲೆಯೊಂದರಲ್ಲಿ ಅಂದು 'ಸಾಧಕರ ಪರಿಚಯ' ಸ್ಪರ್ಧೆ. ಚೀಟಿ ಎತ್ತಿದಾಗ ಉಳಿದವರಿಗೆಲ್ಲ ಗೊತ್ತಿದ್ದ ಹೆಸರುಗಳೇ ಬಂದಿದ್ದವು. ಐದನೆಯ ತರಗತಿಯ ಸುನೀತಾಳಿಗೆ ಮಾತ್ರ ನಾಲಿಗೆ ಹೊರಳದ ಈ ಹೆಸರು! ವಸುಧಾ ಟೀಚರ್ ಒಂದು ಹಾಳೆ ತುಂಬ ಬರೆದುಕೊಟ್ಟಿದ್ದರು. ಆ ಹಾಳೆ ಮನೆಯಲ್ಲೇ ಉಳಿದಿತ್ತು.

ಮುಂದಿನ ಸಾಲಿನಿಂದ ಗೆಳತಿ ನಸ್ರೀನ ಪಿಸುಗುಟ್ಟಿದಳು, "ಜಾಝ್ ಅಂದ್ರ ಏನಂತ ಹೇಳಲೇ!"

ಅದೊಂದು ನೆನಪಿತ್ತು. "ಜಾಝ್ ಅಂದ್ರ ಪುಸ್ತಕದಾಗ ಇಲ್ಲದ್ದನ್ನ ನಿಂತಲ್ಲೇ ಕಟ್ಟಿ ಬಾರಿಸೂದ್ರಿ!"

ಹಾಗೆಂದವಳೇ ತಾನೂ ಕಟ್ಟತೊಡಗಿದಳು.

"ಅವರು ಬಾರಿಸಿದ್ರ ಆಕಳಾ ಕುಣೀತಿದ್ವು. ಎಷ್ಟು ಕುಣೀತಿದ್ವು ಅಂದ್ರ, ಹಾಲು ಹಿಂಡಾಕ ಹೋದ್ರ ಮಜ್ಜಿಗಿ ಬರ್ತಿತ್ತು!"

ಮಕ್ಕಳು ಹೋ ಎಂದು ನಕ್ಕರು. ಸುನೀತಾಳಿಗೆ ರೆಕ್ಕೆ ಮೂಡಿತು.

"ಹಿಂಗ ದೇಶಾ ಸುತ್ಕೋಂತ ನಮ್ಮ ಇಂಡಿಗೂ ಬಂದ್ರು. ಸಿಂದಗಿ ಬಸ್ಸಿನ್ಯಾಗ, ಕಿಡಕಿ ಸೀಟು! ನಮ್ಮ ನಿಂಬಿಕಾಯಿ ಕಚ್ಚಿದ್ರು. ಹಲ್ಲು ಜುಮ್ ಅಂತು. ಅದರ ಮ್ಯಾಲೇ ಹಾಡು ಕಟ್ಟಿದ್ರು. ಜುಮ್ ಜುಮ್ ಜುಂಜುಮ್!"

"ಜುಮ್ ಜುಮ್ ಜುಂಜುಮ್!" ಇಡೀ ಶಾಲೆ ಕೂಗಿತು.

ಹೆಡ್ ಸರ್ ಗುರಲಿಂಗಪ್ಪ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಮೊದಲ ಬಹುಮಾನದ ಕಂಪಾಸ್ ಬಾಕ್ಸ್ ತಂದು ಅವಳ ಕೈಯಲ್ಲಿಟ್ಟೇಬಿಟ್ಟರು.

"ನಮ್ಮ ಇಂಡಿಗೆ ಬಂದಿದ್ರಂತ, ನನಗs ಗೊತ್ತಿರಲಿಲ್ಲ ನೋಡವ್ವಾ! ವಸುಧಾ ಟೀಚರ್, ಇದನ್ನ ಬೋರ್ಡಿಗೆ ಬರೀರಿ. ಪೇಪರ್‌ನವ್ರಿಗೂ ಫೋನ್ ಮಾಡೂಣು!"

ವಸುಧಾ ಟೀಚರ್ ಸೀಮೆಸುಣ್ಣ ಕೈಗೆತ್ತಿಕೊಂಡರು, ಬರೆಯಲಿಲ್ಲ. ಸುನೀತಾಳನ್ನೇ ನೋಡುತ್ತ ನಿಂತರು.

ಸುನೀತಾ ಟೀಚರ್ ಮುಖ ನೋಡಿದಳು. ಕಂಪಾಸ್ ಬಾಕ್ಸ್ ಹೊಚ್ಚ ಹೊಸದು, ಮುಚ್ಚಳದ ಮೇಲೆ ನವಿಲು ಬೇರೆ. ಆದರೂ ಅದನ್ನು ಮೆಲ್ಲಗೆ ಟೇಬಲ್ ಮೇಲಿಟ್ಟಳು.

"ಸರ್, ಅವರು ಇಂಡಿಗೆ ಬಂದಿಲ್ರಿ. ನಾನs ಕಟ್ಟಿದ್ದು. ಆಕಳಾನೂ ಕುಣದಿಲ್ರಿ."

"ಹಂಗಾದ್ರ ಖರೇ ಏನೈತಿ?" ಸರ್ ಮುಖದಲ್ಲೀಗ ನಗು ಇರಲಿಲ್ಲ.

ಸುನೀತಾ ಕಣ್ಣು ಮುಚ್ಚಿದಳು. ಟೀಚರ್ ಬರೆದ ದುಂಡು ಅಕ್ಷರಗಳು ಒಂದೊಂದಾಗಿ ಕಾಣಿಸಿಕೊಂಡವು.

"ಸಣ್ಣವರಿದ್ದಾಗ ಅವರ ಮನ್ಯಾಗ ಪಿಯಾನೊ ಇರಲಿಲ್ರಿ. ಅವರವ್ವ ಅಡಗಿಮನಿ ಟೇಬಲ್ ಮ್ಯಾಲ ಪಿಯಾನೊದಾಗ ಇದ್ದಂಗ ಬಿಳಿ, ಕರಿ ಪಟ್ಟಿ ಬರದುಕೊಟ್ಟಿದ್ರು. ಎರಡು ವರ್ಷ ಅದರ ಮ್ಯಾಲೇ ಕಲತ್ರು. ಸಪ್ಪಳನs ಬರ್ತಿರಲಿಲ್ರಿ. ಮುಂದ ಶಾಲ್ಯಾಗ ಖರೇ ಪಿಯಾನೊ ಸಿಕ್ತು. ದೊಡ್ಡವರಾಗಿ ಊರೂರು ತಿರುಗಿ ನೂರಾರು ಹಾಡು ಕಟ್ಟಿದ್ರು. ಮೊದಲನೇ ರೆಕಾರ್ಡಿಗೆ 'ಅವ್ವನ ಟೇಬಲ್' ಅಂತ ಹೆಸರಿಟ್ರು."

"ಸಪ್ಪಳಿಲ್ಲದs ಹೆಂಗ ಬಾರಸ್ತಿದ್ರು?" ನಸ್ರೀನ ಕೇಳಿದಳು.

ಸುನೀತಾ ಹೆಡ್ ಸರ್ ಕಡೆ ನೋಡಿದಳು. ಅವರು ಹೂದಾನಿ, ಕಂಪಾಸ್ ಬಾಕ್ಸ್ ಎಲ್ಲ ಬದಿಗೆ ಸರಿಸಿ ಟೇಬಲ್ ಖಾಲಿ ಮಾಡಿಕೊಟ್ಟರು.

ಅವಳು ಹತ್ತೂ ಬೆರಳು ಊರಿ ಬಾರಿಸತೊಡಗಿದಳು. ಮೆಲ್ಲಗೆ, ಆಮೇಲೆ ಜೋರಾಗಿ, ಒಮ್ಮೆ ಕೈಮೇಲೆ ಕೈ ದಾಟಿಸಿ! ಒಂಚೂರೂ ಸಪ್ಪಳವಿಲ್ಲ. ಈಗಷ್ಟೇ ಕಿರುಚಾಡಿದ್ದ ಮಕ್ಕಳಲ್ಲಿ ಒಬ್ಬರೂ ಕೆಮ್ಮಲಿಲ್ಲ. ನಸ್ರೀನ ತಲೆಯಾಡಿಸುತ್ತಿದ್ದಳು. ಹೆಡ್ ಸರ್ ಚಪ್ಪಲಿ ತಂತಾನೇ ತಾಳ ಹಾಕುತ್ತಿತ್ತು.

ಎಲ್ಲರಿಗೂ ಏನೋ ಕೇಳಿಸುತ್ತಿತ್ತು. ಅದು ಸುನೀತಾಳಿಗೆ ಗೊತ್ತಾಯಿತು. ಅವಳು ಬೆರಳು ನಿಲ್ಲಿಸಲಿಲ್ಲ.