ಹನ್ನೊಂದು ಎಣಿಸುವವರೆಗೆ

ಹದಿನಾಲ್ಕನೇ ತಾರೀಖು ಸೋಮವಾರ ಬೆಳಗ್ಗೆ 10.20ಕ್ಕೆ ಕಮ್ಮಾರ ಠಾಣೆಯ ಮೆಟ್ಟಿಲು ಹತ್ತಿದ. ಬಲಗೈಯನ್ನು ಎಡಗೈಯಲ್ಲಿ ಮಗುವಿನಂತೆ ಹಿಡಿದುಕೊಂಡಿದ್ದ. ಕಿಟಕಿಯ ಬಿಸಿಲಲ್ಲಿ ಧೂಳು ನಿಧಾನವಾಗಿ ತೇಲುತ್ತಿತ್ತು. ಸೋಮವಾರ ಆ ಠಾಣೆಗೆ ಯಾವಾಗಲೂ ಅರ್ಧ ನಿದ್ದೆ.

"ನನ್ನ ಅಡಿಗಲ್ಲು ಅದಲುಬದಲಾಗಿದೆ ಸಾರ್."

ಹೆಡ್ ಕಾನ್‌ಸ್ಟೇಬಲ್ ಪೆನ್ನು ಎತ್ತಿದವರು ಹಾಗೇ ಕೂತರು. "ಕಲ್ಲಿಗೂ ದೂರು ಕೊಡ್ತಾರೇನಪ್ಪಾ?"

"ಹೆಸರಿಗೆ ಕಲ್ಲು, ಇರೋದು ಕಬ್ಬಿಣ. ಕಾದ ಕಬ್ಬಿಣಾನ ಅದರ ಮೇಲಿಟ್ಟೇ ಬಡಿಯೋದು."

"ಅದಲುಬದಲಾಗೋಕೆ ಅದೇನು ಹೆರಿಗೆ ಆಸ್ಪತ್ರೇಲಿ ಹುಟ್ಟಿದ ಮಗುನಾ?"

ಕಮ್ಮಾರ ನಗಲಿಲ್ಲ. ಶನಿವಾರ, ಭಾನುವಾರ ಮಗಳ ಮನೆಗೆ ಹೋಗಿದ್ದ. ಇವತ್ತು ಬೆಳಗ್ಗೆ ಮೊದಲ ಏಟು ಹಾಕಿದಾಗಲೇ ಗೊತ್ತಾಗಿತ್ತು.

"ನಮ್ಮ ಕಲ್ಲು ಸುತ್ತಿಗೇನ ತಾನೇ ವಾಪಸ್ ಎತ್ತಿ ಕೊಡ್ತದೆ ಸಾರ್. ಒಂದು ಏಟು ಕೊಟ್ರೆ ಹನ್ನೊಂದು ಎಣಿಸೋವರೆಗೂ ಹಾಡ್ತದೆ. ಈಗ ಇರೋದು ಸತ್ತ ಕಲ್ಲು. ಸುತ್ತಿಗೇನ ನುಂಗ್ತದೆ, ಪ್ರತಿ ಸಲ ನಾನೇ ಎತ್ಬೇಕು. ಎರಡು ಗಂಟೇಲೇ ಭುಜ ಹೋಯ್ತು. ಹೀಗೇ ಆದ್ರೆ ಕುಲುಮೆ ಮುಚ್ಚಬೇಕಾಗ್ತದೆ."

ಒಳಕೋಣೆಯಿಂದ ಇನ್‌ಸ್ಪೆಕ್ಟರ್ ಬಂದು ನಿಂತಿದ್ದರು. ಮಾತು ಕಮ್ಮಿಯ ಮನುಷ್ಯ. "ಎಫ್‌ಐಆರ್ ಮಾಡಿ" ಎಂದರು.

11.30ಕ್ಕೆ ಸ್ಥಳ ಪಂಚನಾಮೆ. ಕುಲುಮೆಗೆ ಮೂರೇ ಗೋಡೆ. ಬೀದಿಯ ಕಡೆ ಒಂದು ಮರದ ಕಂಬ, ಬಾಗಿಲಿಗೆ ತಂತಿ ಕಟ್ಟಿದ ಹಲಗೆ. ತಿದಿ ತಣ್ಣಗೆ ಕೂತಿತ್ತು. ಅಡಿಗಲ್ಲು ಮಾತ್ರ ನೋಡಲು ಲಕ್ಷಣವಾಗಿತ್ತು: ಮೇಲ್ಮೈ ಸಮತಟ್ಟು, ಅಂಚು ಎಲ್ಲೂ ಮುಕ್ಕಾಗಿಲ್ಲ, ಮುಂದೆ ಚಾಚಿದ ಕೊಂಬು ನುಣ್ಣಗೆ.

"ಕಳ್ಳ ಇಷ್ಟು ಚೆನ್ನಾಗಿರೋದನ್ನ ಬಿಟ್ಟು ಹೋಗಿದ್ದಾನಲ್ಲಯ್ಯಾ" ಎಂದರು ಹೆಡ್ ಕಾನ್‌ಸ್ಟೇಬಲ್.

ಕಮ್ಮಾರ ಒಂದು ಉಕ್ಕಿನ ಗುಂಡನ್ನು ಅದರ ಮೇಲೆ ಬೀಳಿಸಿದ. ಒಳ್ಳೆಯ ಕಲ್ಲಾದರೆ ಗುಂಡು ಕೈಗೇ ಮರಳಬೇಕು. ಇದು ಎರಡು ಬೆರಳೆತ್ತರ ಎದ್ದು ಸುಮ್ಮನಾಯಿತು. ಸುತ್ತಿಗೆಯಿಂದ ಬಡಿದ. ಒದ್ದೆ ಹಲಗೆಗೆ ಬಡಿದಂತೆ ಟಪ್ ಎಂದಿತು, ಅಷ್ಟೇ.

"ಒಳಗೆ ಎಲ್ಲೋ ಬಿರುಕು ಬಿಟ್ಟಿದೆ. ಕಣ್ಣಿಗೆ ಕಾಣಲ್ಲ, ಕಿವಿಗೇ ಗೊತ್ತಾಗೋದು."

ತಜ್ಞರ ಅಭಿಪ್ರಾಯ ಬೇಕಾಗಿತ್ತು. ಅದಕ್ಕೆ ಊರಿಗೆಲ್ಲ ಒಬ್ಬರೇ. ಕಿವಿ ಮಾಸ್ತರು. ನಲವತ್ತು ವರ್ಷಗಳಿಂದ ಹಳೆಯ ಅಡಿಗಲ್ಲು ಕೊಳ್ಳುವವರು, ಮಾರುವವರು ಎಲ್ಲ ಅವರನ್ನು ಕರೆಯುತ್ತಿದ್ದರು. ಬಡಿದು, ಕಿವಿಗೊಟ್ಟು, 'ತಗೋ' ಇಲ್ಲವೇ 'ಬಿಡು' ಎಂದರೆ ಮುಗಿಯಿತು, ಮರುಮಾತಿಲ್ಲ.

ಮಂಗಳವಾರ 11.00ಕ್ಕೆ ಅವರು ಕುಲುಮೆಗೆ ಬಂದರು. ತೆಳ್ಳಗಿನ ವೃದ್ಧರು, ಶುಭ್ರವಾದ ಅಂಗಿ.

"ಈ ಕುಲುಮೆಗೆ ಮುಂಚೆ ಬಂದಿದ್ರಾ?" ಇನ್‌ಸ್ಪೆಕ್ಟರ್ ಎದುರಿಗೆ ನಿಂತು ಕೇಳಿದರು.

"ಇಲ್ಲ. ಇದೇ ಮೊದಲು."

ಅಂಚಿನುದ್ದಕ್ಕೂ ಹೆಬ್ಬೆರಳು ಆಡಿಸಿದರು. ಪಕ್ಕಕ್ಕೆ ಸೀಮೆಸುಣ್ಣ ಉಜ್ಜಿ, ಎದ್ದು ಬಂದ ತೂಕದ ಅಂಕಿ ಓದಿದರು. ಮೇಲೆ ಪಟ್ಟಿಯಿಟ್ಟು ತಗ್ಗು ನೋಡಿದರು. ಕಮ್ಮಾರ ಗುಂಡು ಚಾಚಿದಾಗ "ಗೋಲಿ ಆಟ ಮಕ್ಕಳಿಗೆ" ಎಂದು ನಕ್ಕರು. ಕೊನೆಗೆ ಜೇಬಿನಿಂದ ಪುಟ್ಟ ಸುತ್ತಿಗೆ ತೆಗೆದು ಒಂದೇ ಏಟು ಕೊಟ್ಟು, ಕಣ್ಣು ಮುಚ್ಚಿ, ಒಂದು ಬೆರಳೆತ್ತಿ ನಿಂತರು.

ಟಪ್ ಎಂದದ್ದು ಆಗಲೇ ಮುಗಿದಿತ್ತು. ಮಾಸ್ತರರ ಬೆರಳು ಇಳಿಯಲಿಲ್ಲ. ಅವರ ಮುಖದಲ್ಲಿ ಎಲ್ಲಿಂದಲೋ ಒಂದು ಬೆಳಕು ಹರಡುತ್ತಿತ್ತು. ಬೀದಿಯಲ್ಲಿ ಸೈಕಲ್ಲೊಂದು ಹಾದುಹೋಯಿತು. ಹೆಡ್ ಕಾನ್‌ಸ್ಟೇಬಲ್‌ಗೂ ಏನೋ ಮಂಪರು, ತಮಗರಿವಿಲ್ಲದೆ ಎಣಿಸುತ್ತಿದ್ದರು. ಹನ್ನೊಂದಕ್ಕೆ ಸರಿಯಾಗಿ ಬೆರಳು ಇಳಿಯಿತು.

"ಈಗ ನಿಂತಿತು" ಎಂದರು ಮಾಸ್ತರು. "ಗಂಟೆ ಇದ್ದ ಹಾಗಿದೆ. ಕಮ್ಮಾರನಿಗೆ ಭ್ರಮೆ."

ಕಮ್ಮಾರ ಬಾಯಿ ತೆರೆದ. ಇನ್‌ಸ್ಪೆಕ್ಟರ್ ಕಣ್ಣಲ್ಲೇ ತಡೆದು, ಮಾಸ್ತರರ ಬೆನ್ನ ಹಿಂದೆ ಹೋಗಿ ನಿಂತರು.

"ಮಾಸ್ತರೇ, ಚಹಾ ಕುಡೀತೀರಾ?"

ಉತ್ತರವಿಲ್ಲ. ಜೋರಾಗಿ ಇನ್ನೊಮ್ಮೆ ಕೇಳಿದರು. ಮಾಸ್ತರು ಸುತ್ತಿಗೆಯನ್ನು ಬಟ್ಟೆಯಲ್ಲಿ ಸುತ್ತುತ್ತಲೇ ಇದ್ದರು.

"ಕೇಳಿಸದವರು ಹನ್ನೊಂದೇ ಹೇಗೆ ಎಣಿಸಿದ್ರು?" ಎಂದರು ಇನ್‌ಸ್ಪೆಕ್ಟರ್ ಜೀಪಿನಲ್ಲಿ. "ಕುಲುಮೆಗೆ ಬಂದೇ ಇಲ್ಲ ಅಂದವರು ಕಮ್ಮಾರನ ಹಳೇ ಕಲ್ಲನ್ನ ನೆನೆಸಿಕೊಳ್ತಿದ್ರು."

ಊರಲ್ಲಿ ಭಾರ ಸಾಗಿಸುವ ಗಾಡಿಯವನನ್ನು ಕರೆಸಿದರು. ಬುಧವಾರ 12.15ಕ್ಕೆ ಅವನ ಹೇಳಿಕೆ ದಾಖಲಾಯಿತು.

"ಭಾನುವಾರ ಮಾಸ್ತರ್ ಕರೆದ್ರು. ಕುಲುಮೇಲಿ ಒಂದು ಕಲ್ಲು ಇಳಿಸಿ, ಅಲ್ಲಿದ್ದ ಇನ್ನೊಂದನ್ನ ಅವರ ಮನೆಗೆ ಸಾಗಿಸಿದೆ."

"ಎಷ್ಟು ಹೊತ್ತಿಗೆ?"

"ನಡುಮಧ್ಯಾಹ್ನ. ಇಡೀ ಬೀದಿ ನೋಡಿದೆ."

"ಯಾಕೆ ಯಾರೂ ಹೇಳಲಿಲ್ಲ?"

"ನೀವು ಮೊನ್ನೆ ಬೀದಿಯವರನ್ನ ಕಳ್ಳನ್ನ ನೋಡಿದ್ರಾ ಅಂತ ಕೇಳಿದ್ರಿ. ಅವರು ಮಾಸ್ತರ್ ಅಲ್ವಾ ಸಾರ್?"

3.20ಕ್ಕೆ ಪಂಚರು ಮತ್ತು ಕಮ್ಮಾರನ ಜೊತೆಗೆ ಮಾಸ್ತರರ ಮನೆಯ ಶೋಧ. ಹಿತ್ತಲ ಕೊಟ್ಟಿಗೆಯಲ್ಲಿ ಇಪ್ಪತ್ತು ಅಡಿಗಲ್ಲುಗಳು ಮಲಗಿದ ಎಮ್ಮೆಗಳಂತೆ ಸಾಲಾಗಿದ್ದವು. ಇಪ್ಪತ್ತೊಂದನೆಯದು ಒಳಗೆ, ಮಂಚದ ಪಕ್ಕ, ಮರದ ದಿಮ್ಮಿಯ ಮೇಲೆ. ಅಂಚು ಮುಕ್ಕು, ನಡು ತಗ್ಗು. ಕಮ್ಮಾರ ಅಂಗೈಯಿಂದ ಅದನ್ನು ಸವರಿದ.

ಮಾಸ್ತರು ಕುರ್ಚಿಯಲ್ಲಿ ಕೂತಿದ್ದರು. ಇನ್‌ಸ್ಪೆಕ್ಟರ್ ಎದುರಿಗೆ ಕೂತು ನಿಧಾನವಾಗಿ ತುಟಿಯಾಡಿಸಿ ಕೇಳಿದರು.

"ಯಾವಾಗಿಂದ ಕೇಳಿಸಲ್ಲ?"

"ವರ್ಷವಾಯ್ತು. ಯಾರಿಗೂ ಹೇಳಲಿಲ್ಲ. ಕಿವಿ ಇಲ್ಲದ ಕಿವಿ ಮಾಸ್ತರನ್ನ ಯಾರು ಕರೀತಾರೆ? ಹೋದ ತಿಂಗಳು ಬಿಸಿಲಿಗೆ ತಲೆಸುತ್ತಿ ಇವನ ಕುಲುಮೆ ಕಂಬಕ್ಕೆ ಹಣೆ ಆನಿಸಿ ನಿಂತೆ. ಕಂಬದೊಳಗಿಂದ ಇವನ ಕಲ್ಲಿನ ಹಾಡು ಬಂತು. ತಲೆಬುರುಡೆಯೊಳಗೇ ಬಂತು. ಮನೇಲಿ ಎಲ್ಲ ಕಲ್ಲಿಗೂ ಹಣೆಯಿಟ್ಟು ಬಡಿದು ನೋಡಿದೆ. ಒಂದೂ ಮಾತಾಡಲಿಲ್ಲ." ಕಮ್ಮಾರನ ಕಡೆ ತಿರುಗಿದರು. "ನಿನ್ನ ಕೆಲಸ ನಿಲ್ಲಬಾರದು ಅಂತ ನನ್ನ ಹತ್ರ ಇದ್ದಿದ್ದರಲ್ಲೇ ಒಳ್ಳೇದನ್ನ ಇಟ್ಟೆ."

"ಅದು ಸತ್ತಿದೆ ಮಾಸ್ತರೇ."

ಮಾಸ್ತರು ಅವನ ತುಟಿಯನ್ನೇ ನೋಡಿದರು. "ಇನ್ನೊಂದ್ಸಲ ಹೇಳು." ಕಮ್ಮಾರ ಹೇಳಿದ. ಕಳ್ಳತನ ಒಪ್ಪಿಕೊಂಡಾಗ ಬಾಗದ ತಲೆ ಈಗ ಬಾಗಿತು.

"ಹಾಗಾದ್ರೆ ಈ ವರ್ಷ ನಾನು 'ತಗೋ' ಅಂದಿದ್ದೆಲ್ಲ..."



ಜಪ್ತಿ ಪಂಚನಾಮೆಗೆ ಮಾಲನ್ನು ಗುರುತಿಸಬೇಕಿತ್ತು. "ಬಡಿದು ತೋರಿಸಪ್ಪಾ" ಎಂದರು ಇನ್‌ಸ್ಪೆಕ್ಟರ್. ಕಮ್ಮಾರ ಸುತ್ತಿಗೆ ತೆಗೆದುಕೊಂಡವನು ತಡೆದು, ಮಾಸ್ತರರ ತೋಳು ಹಿಡಿದು ಎಬ್ಬಿಸಿ ಕರೆತಂದ. ಅವರು ಬಗ್ಗಿ, ಹಣೆಯನ್ನು ಕೊಂಬಿಗೆ ಆನಿಸಿದರು. ಕಮ್ಮಾರ ಮೆಲ್ಲಗೆ, ಬಹಳ ಮೆಲ್ಲಗೆ, ಒಂದು ಏಟು ಕೊಟ್ಟ.

ಕೋಣೆ ತುಂಬಿತು. ಕಿಟಕಿಯ ಗಾಜು, ಲೋಟದ ನೀರು, ಪಂಚರ ಎದೆ, ಎಲ್ಲದರೊಳಗೂ ಅದು ಹೋಗಿಬಂತು. ಹೆಡ್ ಕಾನ್‌ಸ್ಟೇಬಲ್ ಬೆರಳು ಮಡಚುತ್ತಿದ್ದರು. ಹನ್ನೊಂದಕ್ಕೆ ಎಲ್ಲರಿಗೂ ನಿಂತಿತು. ಮಾಸ್ತರು ಹಣೆ ಎತ್ತಲಿಲ್ಲ.

ಇನ್‌ಸ್ಪೆಕ್ಟರ್ ಕಾದರು. ಅವರು ತಾವಾಗಿ ತಲೆಯೆತ್ತಿದ ಮೇಲೆ ಗಡಿಯಾರ ನೋಡಿ, ಬಂಧನದ ಸಮಯ 3.40 ಎಂದು ಬರೆದರು.

ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಕೇಸಿನ ಕಾಗದ ತುಂಬುತ್ತ ಒಂದು ಕಡೆ ಪೆನ್ನು ನಿಲ್ಲಿಸಿದರು. "ಉದ್ದೇಶ ಏನಂತ ಬರೀಲಿ ಸಾರ್? ಲಾಭ ಅಂತ ಬರೆಯೋಕೆ ಕೈ ಬರ್ತಿಲ್ಲ."

"ಕೇಳಿಸಿಕೊಳ್ಳೋದು ಅಂತ ಬರೀರಿ" ಎಂದರು ಇನ್‌ಸ್ಪೆಕ್ಟರ್.