ಎರಡು ಬೀಗದ ಚರ್ಚು

"ಅವನಿಗೆ ಹೇಳು, ಅವನು ಬೀಗ ತೆಗೆದ್ರೆ ನಾನೂ ತೆಗೀತೀನಿ," ಅಂದ ಜಾನ್ಸುಗ್ ಅಜ್ಜ.

'ಅವನು' ಅಂದರೆ ಪಕ್ಕದ ಮನೆಯ ಓತಿಯಾ ಅಜ್ಜ. ಬೇಲಿಯ ಆಚೆ, ಕೂಗುವುದೂ ಬೇಡದಷ್ಟು ಹತ್ತಿರ, ಸೌದೆ ಒಡೆಯುತ್ತಿದ್ದ. ಕಿವಿಯೂ ಚೆನ್ನಾಗಿಯೇ ಇತ್ತು. ಆದರೂ ಜಾನ್ಸುಗ್ ಅಜ್ಜನ ಮೊಮ್ಮಗಳು ತೆಕ್ಲೆ ಬೇಲಿಯವರೆಗೆ ನಡೆದಳು.

"ನೀವು ಬೀಗ ತೆಗೆದ್ರೆ ನಮ್ಮಜ್ಜನೂ ತೆಗೀತಾನಂತೆ."

"ನಿಮ್ಮಜ್ಜನಿಗೆ ಹೇಳು ಪುಟ್ಟಿ, ಮೊದಲು ಅವನು ತೆಗೀಲಿ. ಆಮೇಲೆ ನೋಡೋಣ."

ಜಾನ್ಸುಗ್ ಅಜ್ಜ ಮೋಡ ನೋಡುತ್ತ ನಿಂತಿದ್ದ. ತೆಕ್ಲೆ ವಾಪಸ್ ಬಂದು ಹೇಳಿದ ಮೇಲೆಯೇ ಅವನಿಗೆ ಸಿಟ್ಟು ಬಂದದ್ದು. "ನಾನು ಮೊದಲಾ? ಸಾಧ್ಯವೇ ಇಲ್ಲ!"

ಗುಡ್ಡದ ಮೇಲಿನ ಚರ್ಚಿಗೆ ಎರಡು ಬೀಗ. ಒಂದರ ಕೀಲಿ ಈ ಮನೆಯದು, ಇನ್ನೊಂದರದು ಆ ಮನೆಯದು. ಒಬ್ಬನೇ ಯಾರೂ ಒಳಗೆ ಹೋಗಬಾರದು, ಕೀಲಿಯನ್ನು ಒಂದು ಗಳಿಗೆಗೂ ಇನ್ನೊಬ್ಬರ ಕೈಗೆ ಕೊಡಬಾರದು. ಸ್ವಾನೇತಿ ಎಂಬ ಈ ಬೆಟ್ಟಸೀಮೆಯಲ್ಲಿ ಹಿಂದಿನಿಂದಲೂ ಹೀಗೇ. ಒಳಗಿನ ಬೆಳ್ಳಿ ಶಿಲುಬೆ ಕಳುವಾಗದೆ ಉಳಿದದ್ದು ಹೀಗೆ ಅಂತ ಇಬ್ಬರು ಅಜ್ಜಂದಿರೂ ಹೇಳುತ್ತಿದ್ದರು. ಬೇರೆ ಬೇರೆಯಾಗಿ.

ಜಗಳ ಹಂದಿಯದು. ಊರಿನ ಹಂದಿಗಳಿಗೆಲ್ಲ ಬೇಲಿ ನುಸುಳದ ಹಾಗೆ ಕುತ್ತಿಗೆಗೆ ಮರದ ತ್ರಿಕೋನ ಕಟ್ಟುತ್ತಾರೆ. ಓತಿಯಾ ಅಜ್ಜನ ಹಂದಿಗೆ ಅದೊಂದು ದಿನ ಕಟ್ಟಿರಲಿಲ್ಲ. ಅದು ಜಾನ್ಸುಗ್ ಅಜ್ಜನ ಆಲೂಗಡ್ಡೆ ತಿಂದಿತು. ಹೊಸ ವರ್ಷಕ್ಕೆ ಓತಿಯಾ ಮನೆಯವರು ಹಂದಿಯನ್ನು ತಿಂದರು. ಅಲ್ಲಿಗೆ ಮುಗಿಯಬೇಕಿತ್ತು. ಆಗ ತೆಕ್ಲೆ ಇನ್ನೂ ಸ್ಕೂಲಿಗೇ ಸೇರಿರಲಿಲ್ಲ. ಈಗ ಐದನೇ ಕ್ಲಾಸು. ಚರ್ಚಿನ ಬಾಗಿಲು ಅವತ್ತಿನಿಂದ ತೆರೆದಿಲ್ಲ.

ಒಳಗೆ ಏನಾಗುತ್ತಿದೆ ಅಂತ ತೆಕ್ಲೆಗೆ ಮಾತ್ರ ಗೊತ್ತಿತ್ತು. ಪ್ರತಿ ವರ್ಷ ಹಿಮ ಕರಗಿದ ಮೇಲೆ ಅವಳು ಬಕೆಟ್ ಬೋರಲು ಹಾಕಿ, ಹತ್ತಿ ನಿಂತು, ಗೋಡೆಯ ಸೀಳಿನಂಥ ಕಿಟಕಿಯಲ್ಲಿ ಇಣುಕುತ್ತಿದ್ದಳು. ಎದುರಿನ ಗೋಡೆಯ ಮೇಲೆ ಕುದುರೆ ಏರಿದ ಸಂತನ ಚಿತ್ರ. ಎಂಟುನೂರು ವರ್ಷ ಹಳೆಯದಂತೆ. ಮೊದಲ ಸಲ ನೋಡಿದಾಗ ಕುದುರೆ ಪೂರ್ತಿ ಇತ್ತು. ಆಮೇಲೆ ಬಾಲ ಹೋಯಿತು. ಆಮೇಲೆ ಹಿಂಗಾಲು. ಈ ವರ್ಷ ಒಂದು ಕಾಲೂ ಇಲ್ಲ.

"ಅಜ್ಜಾ, ಕುದುರೆ ಉದುರಿ ಹೋಗ್ತಿದೆ," ಅಂತ ಹೇಳಿದ್ದಳು.

"ಹೇಗೆ ಹೋಗುತ್ತೆ? ನಾವು ಕಾಯ್ತಾ ಇದೀವಲ್ಲ."

ಇವತ್ತು ರಾಜಧಾನಿ ತಿಬಿಲಿಸಿಯಿಂದ ಮಾಕಾ ಅಂತ ಒಬ್ಬಳು ಬಂದಿದ್ದಳು. ಹಳೇ ಗೋಡೆ ಚಿತ್ರಗಳನ್ನು ರಿಪೇರಿ ಮಾಡುವವಳು. ತೆಕ್ಲೆ ಗುಡ್ಡ ಹತ್ತಿ ಬಂದಾಗ ಅವಳು ಬಾಗಿಲ ಮುಂದಿನ ಕಲ್ಲಿನ ಮೇಲೆ ಕೂತು ಸೇಬು ತಿನ್ನುತ್ತಿದ್ದಳು.

"ಏನಂತೆ?"

"ಆಗಲ್ವಂತೆ. ಇಬ್ಬರೂ."

"ನೋಡು ತೆಕ್ಲೆ, ಈ ಬೇಸಿಗೆ ನಾನು ಒಂದೇ ಚರ್ಚು ರಿಪೇರಿ ಮಾಡೋಕೆ ಆಗೋದು. ಕಿಟಕಿಯಲ್ಲಿ ಇಣುಕಿದ್ರೆ ಸಾಲಲ್ಲ. ಒಳಗೆ ಹೋಗಿ ಗೋಡೆ ಮುಟ್ಟಿ ನೋಡದೆ ಇದನ್ನ ಹೇಗೆ ಆರಿಸಲಿ? ಸಂಜೆ ಜೀಪು ಹೊರಡುತ್ತೆ. ಇಲ್ಲ ಅಂದ್ರೆ ಕೆಳಗಿನೂರಿಗೆ ಹೋಗ್ತೀನಿ."

ಮುಂದಿನ ವರ್ಷಕ್ಕೆ ಕುದುರೆಯ ಮುಖ ಇರುತ್ತದೋ ಇಲ್ಲವೋ. ತೆಕ್ಲೆ ಪಕ್ಕದಲ್ಲಿ ನಿಂತಿದ್ದ ಜೀಪಿನ ಕಡೆ ನೋಡಿದಳು.

"ಅಕ್ಕಾ, ಜೀಪಿನ ಮೇಲೆ ಏಣಿ ಇದೆಯಲ್ಲ. ಅದನ್ನ ಕಿಟಕಿಗೆ ಹಾಕಿ ಹತ್ತಿ."

"ಆ ಕಿಟಕಿಯಲ್ಲಿ ನನ್ನ ತಲೆನೂ ತೂರಲ್ಲ."

"ತೂರೋದು ಬೇಡ. ಸುಮ್ಮನೆ ನಿಲ್ಲಿ."

ಮಾಕಾ ಏಣಿ ಹತ್ತಿ ನಿಂತಳು. ತೆಕ್ಲೆ ಊರಿನ ಕಡೆ ಇಳಿಜಾರಿನಲ್ಲಿ ಓಡಿದಳು.

"ಯಾರೋ ಚರ್ಚಿಗೆ ಏಣಿ ಹಾಕಿದಾರೆ!"

ಇದರಲ್ಲಿ ಸುಳ್ಳೇನೂ ಇರಲಿಲ್ಲ.

ಒಂದು ದಾರಿಯಿಂದ ಜಾನ್ಸುಗ್ ಅಜ್ಜ ಹುಲ್ಲಿನ ಕವೆಗೋಲು ಹಿಡಿದು ಬಂದ. ಇನ್ನೊಂದು ದಾರಿಯಿಂದ ಓತಿಯಾ ಅಜ್ಜ ಕೊಡಲಿ ಹಿಡಿದು ಬಂದ. ಇಬ್ಬರಿಗೂ ಏದುಸಿರು.

"ಇಳಿಯಮ್ಮಾ ಕೆಳಗೆ!" ಅಂದರು ಇಬ್ಬರೂ ಒಟ್ಟಿಗೆ. ಒಟ್ಟಿಗೆ ಅಂದದ್ದಕ್ಕೆ ಇಬ್ಬರಿಗೂ ಮುಜುಗರವಾಯಿತು.

"ಇಳೀತೀನಿ. ಬೀಗ ತೆಗೀರಿ," ಅಂದಳು ಮಾಕಾ.

"ಗುರುತು ಪರಿಚಯ ಇಲ್ಲದವರನ್ನ ಒಳಗೆ ಬಿಡೋಕೆ ನಮಗೇನು ತಲೆ ಕೆಟ್ಟಿದೆಯಾ?" ಅಂದ ಓತಿಯಾ ಅಜ್ಜ.

"ನೀವೂ ಜೊತೇಲೇ ಬನ್ನಿ. ಕೊಡಲಿ ಇದೆಯಲ್ಲ ಕೈಯಲ್ಲಿ."

ಓತಿಯಾ ಅಜ್ಜ ಕೈಯಲ್ಲಿದ್ದ ಕೊಡಲಿ ನೋಡಿಕೊಂಡ. ಕೀಲಿಗಳು ಎಂದಿನಂತೆ ಇಬ್ಬರ ಕುತ್ತಿಗೆಯಲ್ಲೂ ಇದ್ದವು. ಉಳಿದದ್ದು ಯಾರು ಮೊದಲು ಅನ್ನೋದು.

"ನಾನು ಮೂರು ಎಣಿಸ್ತೀನಿ," ಅಂದಳು ತೆಕ್ಲೆ. "ಇಬ್ಬರೂ ಒಟ್ಟಿಗೇ ತಿರುಗಿಸಿ. ಯಾರೂ ಮೋಸ ಮಾಡಬಾರದು."

ಬೀಗಗಳಿಗೆ ತುಕ್ಕು ಹಿಡಿದಿತ್ತು. ಮೂರು ಎಣಿಸಿದ್ದು ಸಾಲದೆ ಹನ್ನೊಂದರವರೆಗೆ ಎಣಿಸಬೇಕಾಯಿತು.

ಬಾಗಿಲು ತೆರೆಯಿತು. ಜಾನ್ಸುಗ್ ಅಜ್ಜ ಟೋಪಿ ತೆಗೆದು, ನೇರವಾಗಿ ಶಿಲುಬೆಯ ಹತ್ತಿರ ಹೋದ. ಅದು ಇದ್ದಲ್ಲೇ ಇತ್ತು.

"ಕಳ್ಳ ಬಂದಿಲ್ಲ," ಅಂದ.

"ಒಬ್ಬನೂ ಬಂದಿಲ್ಲ," ಅಂದ ಓತಿಯಾ ಅಜ್ಜ, ಯಾರಿಗೂ ಅಲ್ಲದ ಹಾಗೆ.

ಆಮೇಲೆ ಅವರು ತಲೆ ಎತ್ತಿದರು. ಸೂರಿನಲ್ಲಿ ಆಕಾಶ ಕಾಣುತ್ತಿತ್ತು. ಅಲ್ಲಿಂದ ಗೋಡೆಯುದ್ದಕ್ಕೂ ನೀರಿನ ಕಪ್ಪು ಕಲೆ. ಅದರ ಕೆಳಗೆ ಗಾರೆಯ ಗುಡ್ಡೆ. ಸಂತ ಕಾಲಿಲ್ಲದ ಕುದುರೆಯ ಮೇಲೆ ಕೂತಿದ್ದ.

ಜಾನ್ಸುಗ್ ಅಜ್ಜ ಬಗ್ಗಿ ಗುಡ್ಡೆಯಿಂದ ಒಂದು ಚೂರು ಎತ್ತಿಕೊಂಡ. ಅದರ ಮೇಲೆ ಒಂದು ಗೊರಸು ಇತ್ತು.

"ಅಲ್ಲೇ ಇಡಿ ಅಜ್ಜ," ಅಂದಳು ಮಾಕಾ ಮೆತ್ತಗೆ. "ಚೂರುಗಳು ಇಲ್ಲೇ ಇದ್ರೆ ಎಷ್ಟೋ ವಾಪಸ್ ಕೂರಿಸಬಹುದು. ನಾನು ಇಲ್ಲಿಗೇ ಬರ್ತೀನಿ. ಆದ್ರೆ ಮೊದಲು ಸೂರಿಗೆ ಏನಾದ್ರೂ ಮುಚ್ಚಬೇಕು. ಆಮೇಲೆ ಬೇಸಿಗೆ ಮುಗಿಯೋವರೆಗೂ ದಿನಾ ಬೆಳಿಗ್ಗೆ ಬಾಗಿಲು ತೆಗೀಬೇಕು."

ದಿನಾ ಬೆಳಿಗ್ಗೆ ಅಂದರೆ ಇಬ್ಬರೂ, ದಿನಾ ಬೆಳಿಗ್ಗೆ.

ಜಾನ್ಸುಗ್ ಅಜ್ಜ ಚೂರನ್ನು ಕೆಳಗಿಟ್ಟ. ಗೋಡೆಯ ಕಡೆ ತಿರುಗಿಕೊಂಡೇ ಹೇಳಿದ, "ತೆಕ್ಲೆ, ಅವನಿಗೆ ಹೇಳು. ನಮ್ಮ ಅಟ್ಟದಲ್ಲಿ ತಗಡಿನ ಶೀಟು ಇದೆ. ಒಬ್ಬನ ಕೈಲಿ ಹೊರೋಕೆ ಆಗಲ್ಲ."

ತೆಕ್ಲೆ ಬಾಯಿ ತೆರೆದಳು. ಓತಿಯಾ ಅಜ್ಜ ಪಕ್ಕದಲ್ಲೇ ಇದ್ದ. ಸೂರಿನ ತೂತನ್ನೇ ನೋಡುತ್ತಿದ್ದ. ಗಾಳಿಯಲ್ಲೇ ಬೆರಳಿಂದ ಅದರ ಅಳತೆ ಹಾಕುತ್ತಿದ್ದ.

ತೆಕ್ಲೆ ಬಾಯಿ ಮುಚ್ಚಿದಳು. ಕೆಳಗೆ ಕೂತು, ಸರಿಯಾಗೇ ಇದ್ದ ಶೂ ಲೇಸು ಬಿಚ್ಚಿದಳು. ನಿಧಾನವಾಗಿ ಕಟ್ಟತೊಡಗಿದಳು.

"ಮೊಳೆ ನನ್ನ ಹತ್ತಿರ ಇದೆ," ಅಂದ ಓತಿಯಾ ಅಜ್ಜ.

"ಉದ್ದದ್ದಾ?"

"ಉದ್ದದ್ದೇ."

ತೆಕ್ಲೆ ಇನ್ನೊಂದು ಕಾಲಿನ ಲೇಸನ್ನೂ ಬಿಚ್ಚಿದಳು.