ವೈರ್ ಕಿತ್ತಾಗ ಆದ ಬಿಲ್ಡ್

ಅಣ್ಣತಮ್ಮಂದಿರ ಸಾಫ್ಟ್‌ವೇರ್ ಆಫೀಸಿನ ಬಾಗಿಲನ್ನು ಬೆಳಿಗ್ಗೆ ತಮ್ಮ ತೆಗೆದಾಗ ಬಿಲ್ಡ್ ಕೆಟ್ಟುಕೂತಿತ್ತು. ಪರದೆಯ ತುಂಬ ಕೆಂಪು ಸಾಲುಗಳು. ಬರೆದ ಕೋಡಿಗೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಕಟ್ಟುಗಳನ್ನು, ಅಂದರೆ ಪ್ಯಾಕೇಜುಗಳನ್ನು ಜೋಡಿಸಿ, ಓಡುವಂಥ ಪ್ರೋಗ್ರಾಮ್ ಮಾಡುವ ಕೆಲಸವೇ ಬಿಲ್ಡ್. ಅದನ್ನು ಹೇಗೆ ಮಾಡಬೇಕೆಂದು ಹೇಳಲು ಅಣ್ಣ ತಾನೇ ಒಂದು ಪುಟ್ಟ ಭಾಷೆ ಕಟ್ಟಿದ್ದ. ಮನೆಯ ಕೆಳಗಡೆಯೇ ಆಫೀಸು. ಆ ಭಾಷೆಯೇ ಎಲ್ಲರ ಹೊಟ್ಟೆಪಾಡು.

ಹಿಂದಿನ ಸಂಜೆ ಕೊನೆಗೆ ಕೋಡ್ ಮುಟ್ಟಿದ್ದವಳು ಹೊಸದಾಗಿ ಸೇರಿದ ಹುಡುಗಿ. ಬದಲಾಯಿಸಿದ್ದು ಒಂದು ಬಟನ್ನಿನ ಬಣ್ಣ ಮಾತ್ರ, ಮನೆಗೆ ಹೋಗುತ್ತ ರೈಲಿನಲ್ಲಿ ಬಿಲ್ಡ್ ಮಾಡಿದಾಗ ಸರಿಯಾಗೇ ಆಗಿತ್ತು ಎಂದು ಅವಳು ಒಮ್ಮೆ ಹೇಳಿದಳು. ಅಣ್ಣ ನಂಬಲಿಲ್ಲ. ಸಂಜೆಯೊಳಗೆ ಕಾರಣ ಸಿಗದಿದ್ದರೆ ನಾಳೆಯಿಂದ ಬರುವುದೇ ಬೇಡ ಎಂದುಬಿಟ್ಟ.

ಅವಳು ವಾದಿಸದೆ ಕೂತದ್ದು ತಮ್ಮನಿಗೆ ಚುಚ್ಚಿತು. ಮೇಲೆ ಹೋಗಿ ಅತ್ತಿಗೆಯನ್ನು ಕರೆತಂದ. ಆಫೀಸಿನಲ್ಲಿ ಏನೇ ಕೆಡಲಿ, ಪತ್ತೆ ಹಚ್ಚುವವಳು ಅವಳೇ.

ಅತ್ತಿಗೆ ಮೊದಲು ಅಣ್ಣನ ಭಾಷೆಯಲ್ಲಿ ಬರೆದಿಟ್ಟಿದ್ದ ಬಿಲ್ಡ್ ಫೈಲನ್ನು ತೆಗೆಸಿ ನೋಡಿದಳು. ತಿಂಗಳುಗಳಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಆಮೇಲೆ ಹುಡುಗಿಯತ್ತ ತಿರುಗಿದಳು.

"ರೈಲಲ್ಲಿ ನೆಟ್ ಸಿಕ್ತಿತ್ತೇನಮ್ಮ?"

"ಚೂರೂ ಇರ್ಲಿಲ್ಲ ಮೇಡಂ."

ಅತ್ತಿಗೆ ಮೇಜಿನಡಿ ನುಸುಳಿ ನೆಟ್ಟಿನ ವೈರನ್ನು ಕಿತ್ತಳು. "ಈಗ ಓಡ್ಸೋ" ಎಂದಳು. ತಮ್ಮ ಓಡಿಸಿದ. ಒಂದೂ ಕೆಂಪು ಸಾಲಿಲ್ಲ. ವೈರ್ ಚುಚ್ಚಿದರೆ ಮತ್ತೆ ಕೆಂಪು.

ಸಂಜೆ ಚಹಾಕ್ಕೆ ಎಲ್ಲರನ್ನೂ ಕೂಡಿಸಿ ಅತ್ತಿಗೆ ಬಿಡಿಸಿ ಹೇಳಿದಳು. ಕೋಡು, ಬಿಲ್ಡ್ ಫೈಲು ಎರಡರಲ್ಲೂ ತಪ್ಪಿಗೆ ಕಾರಣವಾಗುವ ಬದಲಾವಣೆ ಇಲ್ಲ. ನೆಟ್ ಇದ್ದರೆ ಮಾತ್ರ ಕೆಡುತ್ತದೆ. ಅಂದರೆ ಬದಲಾದದ್ದು ಹೊರಗಿನ ಒಂದು ಪ್ಯಾಕೇಜು. ಅದರ ಹೊಸ ಆವೃತ್ತಿ ರಾತ್ರಿ ಬಂದಿದೆ. ನೆಟ್ಟಿನಲ್ಲಿ ಹೊಸದು ಸಿಕ್ಕರೆ ತಾ, ಸಿಗದಿದ್ದರೆ ಜೊತೆಗಿರುವ ಹಳೆಯದನ್ನು ಬಳಸು ಎಂದು ಬಿಲ್ಡ್ ಫೈಲಿನಲ್ಲೇ ಬರೆದಿದೆ. ರೈಲಿನಲ್ಲಿ ಹಳೆಯದು ಬಂತು, ಇಲ್ಲಿ ಹೊಸದು.

"ಹಾಗಾದ್ರೆ ತಪ್ಪು ಆ ಪ್ಯಾಕೇಜ್ ಬರೆದೋರದ್ದಾ?" ಎಂದ ತಮ್ಮ.

"ಅಲ್ಲಪ್ಪ. ಹಾಗೆ ಬರೆಯೋಕೆ ಬಿಡೋ ಭಾಷೆ ಕಟ್ಟಿದೋರದ್ದು."

ಎಲ್ಲರೂ ಅಣ್ಣನ ಕಡೆ ನೋಡಿದರು, ಹುಡುಗಿಯೊಬ್ಬಳನ್ನು ಬಿಟ್ಟು.

"ಬರೆಯೋರಿಗೆ ಸ್ವಾತಂತ್ರ್ಯ ಇರ್ಲಿ ಅಂತ ಕೊಟ್ಟಿದ್ದೆ ಕಣೇ."

"ಸ್ವಾತಂತ್ರ್ಯ ನಿಮ್ದು, ಕೆಲ್ಸ ಹೋಗ್ತಿದ್ದಿದ್ದು ಇವಳ್ದು."

ಅಣ್ಣ ಕುರ್ಚಿ ಎಳೆದುಕೊಂಡು ಹುಡುಗಿಯ ಪಕ್ಕ ಕೂತ. ಇನ್ನು ಪ್ರತಿ ಪ್ಯಾಕೇಜಿನ ಆವೃತ್ತಿಯನ್ನೂ ಮೊದಲೇ ಹೇಳಬೇಕು, ಬಿಲ್ಡ್ ನಡೆಯುವಾಗ ಹೊರಗೆ ಇಣುಕುವಂತಿಲ್ಲ ಎಂದು ಇಬ್ಬರೂ ಭಾಷೆಯನ್ನೇ ತಿದ್ದಿದರು. ತಮ್ಮ ವೈರ್ ಚುಚ್ಚಿ ಓಡಿಸಿದ, ಕಿತ್ತು ಓಡಿಸಿದ. ಎರಡೂ ಸಲ ಬಂದದ್ದು ಒಂದೇ, ಒಂದೂ ಕೆಂಪು ಸಾಲಿಲ್ಲ.

ಹುಡುಗಿ ಚೀಲ ಹೆಗಲಿಗೇರಿಸಿದಾಗ ಅಣ್ಣ ತಲೆಯೆತ್ತದೆ ಹೇಳಿದ, "ನಾಳೆ ಸ್ವಲ್ಪ ಬೇಗ ಬಾಮ್ಮ. ಭಾಷೇಲಿ ಇಂಥ ಬಾಗಿಲು ಇನ್ನೂ ಎಷ್ಟು ತೆರೆದಿಟ್ಟಿದೀನೋ, ಇಬ್ರೂ ಹುಡುಕೋಣ."